ಉತ್ತಮ ಆಡಿಗೆ ಬಹುಮಾನ

ನಾನು ಒಂದು ಕರಿಹಲಗೆ. ತರಗತಿಯ ಗೋಡೆಗೆ ಅಂಟಿಕೊಂಡು ಬೀಜಗಣಿತ ಹೊರುವ ಪೈಕಿ ಅಲ್ಲ. ವಿಶ್ವವಿದ್ಯಾಲಯದ ಗೇಟಿನಲ್ಲಿ ಮೂರು ಕಾಲಿನ ಮೇಲೆ ನಿಂತು ಊರಿಗೆಲ್ಲ ಸುದ್ದಿ ಹೇಳುವವನು. ‘ಇಂದಿನ ಕಾರ್ಯಕ್ರಮ’ ಎಂಬ ಎರಡು ಪದಗಳು ನನ್ನ ನೆತ್ತಿಯ ಮೇಲೆ ಬಿಳಿ ಬಣ್ಣದಲ್ಲಿ ಕಾಯಂ ಆಗಿವೆ. ಅದರ ಕೆಳಗಿನದೆಲ್ಲ ಸೀಮೆಸುಣ್ಣದ್ದು, ಬಂದು ಹೋಗುವಂಥದ್ದು.

ನನ್ನನ್ನು ಮಾಡಿದವನು ಬಡಗಿ ಸುಬ್ಬಾಚಾರಿ. ರಸಾಯನಶಾಸ್ತ್ರ ವಿಭಾಗಕ್ಕೆ ಹೊಸ ಬಾಗಿಲು ಬಂದಾಗ ಹಳೆಯದನ್ನು ಸೌದೆಗೆ ಹಾಕುವುದರಲ್ಲಿದ್ದರು. “ತೇಗ ಕಣ್ರೀ ಇದು, ಸುಡೋಕೆ ಮನ್ಸಾದ್ರೂ ಎಂಗ್ ಬತ್ತದೆ?” ಎಂದು ಆಚಾರಿ ಅದನ್ನು ಹೊತ್ತೊಯ್ದು, ಕೊಯ್ದು, ಉಜ್ಜಿ, ಮೂರು ಸಲ ಕರಿ ಬಣ್ಣ ಬಳಿದ. ಹಾಗೆ ಬಾಗಿಲಾಗಿದ್ದವನು ಹಲಗೆಯಾದೆ. ಇದು ಬಡ್ತಿಯೆಂದೇ ನನ್ನ ಅಭಿಪ್ರಾಯ.

ನಮ್ಮದು ಮೈಸೂರು ಸೀಮೆಯ ಬಯಲಿನ ಒಂದು ಪುಟ್ಟ ವಿಶ್ವವಿದ್ಯಾಲಯ. ಎಂಟು ವಿಭಾಗ, ಒಂದು ಸಭಾಂಗಣ, ಗೇಟಿನೆದುರು ಒಂದು ಬಸ್ ನಿಲ್ದಾಣ. ನನ್ನ ಮೇಲೆ ಮೊದಲು ಬರೆದವರು ಗ್ರಂಥಾಲಯದ ಭುಜಂಗಯ್ಯನವರು. ಅಕ್ಷರ ಮುತ್ತು ಪೋಣಿಸಿದ ಹಾಗೆ. ಆದರೆ ಬರೆಯಬೇಕಾದ ವಿಷಯ ಎಂಥದು! ‘ಸಂವೇದನೆಯ ನೆಲೆಗಳು: ಒಂದು ತಾತ್ತ್ವಿಕ ಜಿಜ್ಞಾಸೆ.’ ಬಸ್ಸಿಗೆ ಕಾಯುವವರು ಎರಡನೆಯ ಪದಕ್ಕೇ ಸುಸ್ತಾಗಿ ಕಡಲೆಕಾಯಿ ಬಿಡಿಸುವುದಕ್ಕೆ ಮರಳುತ್ತಿದ್ದರು. ಸಭಾಂಗಣದಲ್ಲಿ ಭಾಷಣವನ್ನು ಕೇಳುಗರಿಗಿಂತ ಖಾಲಿ ಕುರ್ಚಿಗಳೇ ಹೆಚ್ಚು ಶ್ರದ್ಧೆಯಿಂದ ಕೇಳುತ್ತಿದ್ದವು.

ಭುಜಂಗಯ್ಯನವರು ನಿವೃತ್ತರಾದ ಮೇಲೆ ಕಚೇರಿಯ ಗುಮಾಸ್ತರು ಒಲ್ಲದ ಮನಸ್ಸಿನಿಂದ ಗೀಚುತ್ತಿದ್ದರು. ಒಂದು ದಿನ ಅವರೂ ರಜೆ. ಗೇಟಿನ ಮುಂದೆ ಗುಡಿಸುತ್ತಿದ್ದ ಸಣ್ಣತಾಯಮ್ಮ ಪೊರಕೆ ಬದಿಗಿಟ್ಟು, ಕೈಯನ್ನು ಸೀರೆಗೆ ಒರೆಸಿಕೊಂಡು, ಸೀಮೆಸುಣ್ಣ ಎತ್ತಿಕೊಂಡಳು. ನಮ್ಮಲ್ಲೇ ನಡೆಯುವ ವಯಸ್ಕರ ಅಕ್ಷರ ತರಗತಿಯಲ್ಲಿ ಕಲಿತವಳು. ಅಂದಿನಿಂದ ಆ ಕೆಲಸ ಅವಳದೇ ಆಯಿತು. ಒಂದೊಂದು ಅಕ್ಷರವೂ ಅಂಗೈ ಅಗಲ, ಹೋಳಿಗೆಯ ಹಾಗೆ ಗುಂಡಗೆ. ಬರೆದು, ಎರಡು ಹೆಜ್ಜೆ ಹಿಂದೆ ಸರಿದು, ಒಮ್ಮೆ ಗಟ್ಟಿಯಾಗಿ ಓದುವಳು. ಗುಡಿಸಿದ ನೆಲವನ್ನು ಯಾರೂ ತಿರುಗಿ ನೋಡುವುದಿಲ್ಲ, ಬರೆದದ್ದನ್ನು ನಾಲ್ಕು ಜನ ನಿಂತು ನೋಡುತ್ತಾರೆ. ಅವಳಿಗೆ ಅದೇ ಹಿಗ್ಗು. ಸಂಜೆ ತಾನೇ ನನ್ನನ್ನು ಒದ್ದೆ ಬಟ್ಟೆಯಿಂದ ಒರೆಸಿ ಮನೆಗೆ ಹೊರಡುವಳು.

ಅವಳಿಗೆ ಇದ್ದದ್ದು ಒಂದೇ ಕಷ್ಟ. ನಮ್ಮ ಸೀಮೆಯ ಹಳ್ಳಿಯವರ ಬಾಯಲ್ಲಿ ಪದದ ಮೊದಲ ಹಕಾರ ನಿಲ್ಲುವುದಿಲ್ಲ. ಹೂವು ಊವಾಗುತ್ತದೆ, ಹಾಲು ಆಲಾಗುತ್ತದೆ. ಮಾತಿನಲ್ಲಿ ಅದರಿಂದ ಯಾರಿಗೂ ತೊಂದರೆಯಿಲ್ಲ. ಬರವಣಿಗೆಯಲ್ಲಿ ಆಗುವ ತೊಂದರೆ ಏನೆಂದು ಒಂದು ಶುಕ್ರವಾರ ನಮಗೆಲ್ಲ ತಿಳಿಯಿತು.

ಜಾನಪದ ವಿಭಾಗದ ವಿಮಲಾಕ್ಷಿ ಮೇಡಂ ಒಂದು ಹಾಡಿನ ಸ್ಪರ್ಧೆ ಇಟ್ಟಿದ್ದರು. ಸುತ್ತಲಿನ ಊರವರೂ ಬರಲೆಂದು ಅವರ ಆಸೆ. ವಿವರವನ್ನು ಫೋನಿನಲ್ಲಿ ಹೇಳಿದರು. ಸಣ್ಣತಾಯಮ್ಮ ಕೇಳಿಸಿಕೊಂಡು ಮಂಗಳವಾರದಿಂದಲೇ ದಿನಾ ಬೆಳಿಗ್ಗೆ ನನ್ನ ಮೇಲೆ ಬರೆದಳು: ‘ಶುಕ್ರವಾರ ಎರಡು ಗಂಟೆಗೆ ಆಡಿನ ಸ್ಪರ್ಧೆ. ಎಲ್ಲರೂ ಬರಬಹುದು. ಉತ್ತಮ ಆಡಿಗೆ ಬಹುಮಾನ.’

ಆಡು ಎಂದರೆ ಮೇಕೆ. ಬಸ್ ನಿಲ್ದಾಣದ ಜನ ಈ ಸಲ ಕೊನೆಯ ಪದದವರೆಗೂ ಓದಿದರು.

ಶುಕ್ರವಾರ ಮಧ್ಯಾಹ್ನ ಗೇಟಿನಲ್ಲಿ ಹದಿನೇಳು ಆಡುಗಳು. ಮೈ ತೊಳೆದು ಕೊಂಬಿಗೆ ಎಣ್ಣೆ ಹಚ್ಚಿದವು, ಕೊರಳಿಗೆ ಮಣಿಸರ ಕಟ್ಟಿಸಿಕೊಂಡವು. ಹಿಂದೆ ಅವುಗಳ ಯಜಮಾನರು, ಯಜಮಾನತಿಯರು, ನೋಡಲು ಬಂದವರು. ಕಾವಲುಗಾರ ಹಲಗೆ ಓದಿ ಎಲ್ಲರನ್ನೂ ಒಳಗೆ ಬಿಟ್ಟ. ಹತ್ತು ನಿಮಿಷದಲ್ಲಿ ವೇದಿಕೆಗೆ ಕಟ್ಟಿದ್ದ ಬಾಳೆ ಎಲೆ ಖಾಲಿ, ಅತಿಥಿಗಳಿಗೆ ತಂದಿದ್ದ ಹೂಗುಚ್ಛವೂ ಖಾಲಿ.

ಕುಲಸಚಿವ ನಂಜರಾಜ ಅರಸು ಅವರು ಕೆಂಡಾಮಂಡಲವಾದರು. “ಆ ಬೋರ್ಡ್ ತನ್ನಿ ಇಲ್ಲಿ!” ಎಂದರು. ನನ್ನನ್ನು ಹೊತ್ತು ತಂದು ಸಭಾಂಗಣದ ಬಾಗಿಲಲ್ಲಿ ನಿಲ್ಲಿಸಿದರು. ಜೀವಮಾನದಲ್ಲೇ ಮೊದಲ ಸಲ ನಾನು ಒಂದು ಕಾರ್ಯಕ್ರಮವನ್ನು ಕಣ್ಣಾರೆ ಕಂಡದ್ದು.

“ಯಾರು ಬರೆದಿದ್ದು ಇದನ್ನ?”

ಪೊರಕೆ ಹಿಡಿದಿದ್ದ ಸಣ್ಣತಾಯಮ್ಮ ಮುಂದೆ ಬಂದಳು. “ನಾನೇ ಕನ ಸಾ.”

“ಏನಮ್ಮ, ಹಾಡಿಗೂ ಆಡಿಗೂ ವ್ಯತ್ಯಾಸ ಗೊತ್ತಿಲ್ವ? ಎಲ್ಲಿ ಹೇಳು, ಹಾಡು.”

“ಆಡು.”

“ಹಾಡು!”

“ಅದೇ ಸಾ, ಆಡು.”

ಸಭಾಂಗಣವೇ ನಕ್ಕಿತು. ಸಣ್ಣತಾಯಮ್ಮನ ಮುಖ ಸಣ್ಣದಾಯಿತು. ನನಗೆ ಆ ನಗು ಹಿಡಿಸಲಿಲ್ಲ.

“ನಾಳೆಯಿಂದ ನೀನು ಸೀಮೆಸುಣ್ಣ ಮುಟ್ಟಬೇಡ,” ಎಂದರು ಅರಸು.

ಅವಳು ತಲೆ ತಗ್ಗಿಸುತ್ತಾಳೆಂದು ಎಲ್ಲರೂ ಅಂದುಕೊಂಡರು. ಅವಳು ಪೊರಕೆಯನ್ನು ಗೋಡೆಗೆ ಒರಗಿಸಿದಳು. “ತಪ್ಪು ನಂದೇ ಸಾ, ಇಲ್ಲ ಅನ್ನಕಿಲ್ಲ. ಆದ್ರೆ ಇಷ್ಟ್ ವರ್ಸ ಸರ್ಯಾಗ್ ಬರ್ದಿದ್ರಲ್ಲ, ಆಗ ಈ ಜನ ಒಬ್ರಾದ್ರೂ ಒಳಕ್ ಬಂದಿದ್ರ? ಇವತ್ತು ಓದವ್ರೆ, ನಂಬವ್ರೆ, ಬಂದವ್ರೆ. ಬಂದೋರ್ನ ಇಂಗೇ ಕಳ್ಸುಬುಟ್ರೆ ಇನ್ಯಾವತ್ತೂ ಓದಕಿಲ್ಲ.”

ಅರಸು ಅವರು ತಿರುಗಿ ನೋಡಿದರು. ಸಭಾಂಗಣದಲ್ಲಿ ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ಮೊದಲ ಸಾಲಿನಲ್ಲಿ ಒಂದು ಆಡನ್ನು ಪಕ್ಕಕ್ಕೆ ಸರಿಸಿ ಕುಳಿತರು.

ವಿಮಲಾಕ್ಷಿ ಮೇಡಂ ವೇದಿಕೆ ಹತ್ತಿ, ಆಡು ತಂದವರೆಲ್ಲ ಒಂದೊಂದು ಹಾಡು ಹೇಳಬೇಕೆಂದರು. ಮೊದಲು ನಾಚಿಕೊಂಡರು. ಆಮೇಲೆ ಮೈಕು ಬಿಡಿಸಿಕೊಳ್ಳುವುದೇ ಕಷ್ಟವಾಯಿತು. ಪುಟ್ಟಮಲ್ಲಪ್ಪ ಎಂಬ ಮುದುಕ ಬೀಸುವ ಕಲ್ಲಿನ ಪದ ಹೇಳಿದ. ತಾಯಿಯಿಂದ ಕಲಿತದ್ದಂತೆ. ಅವನ ಆಡು ನಡುನಡುವೆ ಸೇರಿಸಿದ್ದನ್ನೂ ತೀರ್ಪುಗಾರರು ಒಪ್ಪಿಕೊಂಡರು.

ಮರುವಾರ ಮೇಡಂ ಸಣ್ಣತಾಯಮ್ಮನನ್ನು ನನ್ನ ಮುಂದೆ ನಿಲ್ಲಿಸಿ, ಅವಳ ಅಂಗೈಯನ್ನು ಅವಳ ಬಾಯಿಯ ಎದುರು ಹಿಡಿದರು. “ಹೇಳು. ಕೈಗೆ ಉಸಿರು ತಾಗಿದರೆ ಹ. ತಾಗದಿದ್ದರೆ ಅ.” ಎಷ್ಟು ಸಲ ಹೇಳಿದಳೋ ಲೆಕ್ಕವಿಲ್ಲ. ಒಂದು ಸಲ ಕಣ್ಣರಳಿಸಿ, “ತಾಕ್ತು ಮೇಡಮ್ಮೋರೆ!” ಎಂದಳು. ಅರಸು ಅವರೇ ಬಂದು ಸೀಮೆಸುಣ್ಣದ ಡಬ್ಬಿಯನ್ನು ಅವಳ ಕೈಗಿಟ್ಟರು. ಪ್ರತಿ ಪದಕ್ಕೂ ಅಂಗೈ ಹಿಡಿದು ಉಸಿರು ಪರೀಕ್ಷಿಸುವ ಅವಳನ್ನು ಕಂಡು ಹೊಸ ವಿದ್ಯಾರ್ಥಿಗಳು ತಮಗೆ ಮುತ್ತು ಹಾರಿಸುತ್ತಿದ್ದಾಳೆಂದು ಗಾಬರಿಯಾದದ್ದುಂಟು.

ಹದಿಮೂರು ವರ್ಷ ಹೀಗೆಯೇ ಬರೆದಳು. ನಾಟಕ, ವಿಚಾರ ಸಂಕಿರಣ, ಕಣ್ಣಿನ ತಪಾಸಣೆ, ದೊಡ್ಡ ಪ್ರಾಧ್ಯಾಪಕರ ಬೀಳ್ಕೊಡುಗೆ, ಎಲ್ಲವೂ ಅವಳ ಕೈಯಿಂದಲೇ ಊರಿಗೆ ತಿಳಿದವು. ಅವಳ ಕೆಲಸದ ಕೊನೆಯ ದಿನ ಬಂತು. ಕಚೇರಿಯಿಂದ ಬಂದ ಪಟ್ಟಿಯಲ್ಲಿ ‘ಇಂದು ಕಾರ್ಯಕ್ರಮವಿಲ್ಲ’ ಎಂದಿತ್ತು. ಗುಡಿಸುವವರಿಗೆ ಬೀಳ್ಕೊಡುಗೆ ಮಾಡುವ ವಾಡಿಕೆ ನಮ್ಮಲ್ಲಿರಲಿಲ್ಲ. ಅವಳು ಆ ಚೀಟಿಯನ್ನು ಎರಡು ಸಲ ಓದಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಅವಸರವಿಲ್ಲದೆ ಬರೆದಳು: ‘ಇಂದು ನಾಲ್ಕು ಗಂಟೆಗೆ ಸಣ್ಣತಾಯಮ್ಮನ ಬೀಳ್ಕೊಡುಗೆ. ಸಭಾಂಗಣದಲ್ಲಿ.’

ಮೂರೂವರೆಗೆಲ್ಲ ಬಸ್ ನಿಲ್ದಾಣ ಖಾಲಿಯಾಯಿತು. ವಿಭಾಗಗಳು ಖಾಲಿಯಾದವು. ಕಚೇರಿಯವರು ಹಾರಕ್ಕಾಗಿ ಪೇಟೆಗೆ ಓಡಿದರು.

ಈಗ ಗೇಟಿನಲ್ಲಿ ಮಿನುಗುವ ಪರದೆ ಬಂದಿದೆ. ನಾನು ಜಾನಪದ ವಿಭಾಗದ ಒಂದು ಮೂಲೆಯಲ್ಲಿದ್ದೇನೆ. ನನಗೆ ಆ ಪರದೆಯ ಮೇಲೆ ಹೊಟ್ಟೆಕಿಚ್ಚಿಲ್ಲ. ನನ್ನ ತೇಗ ಇನ್ನೂ ಗಟ್ಟಿಯಾಗಿದೆ, ನನ್ನ ಕೆಲಸವನ್ನು ನಾನು ಮಾಡಿದ್ದೇನೆ. ಬೀಳ್ಕೊಡುಗೆಯ ಆ ಸಂಜೆ ಸಣ್ಣತಾಯಮ್ಮ ಕೊರಳಲ್ಲಿ ಹಾರ ಹಾಕಿಕೊಂಡೇ ನನ್ನ ಮುಂದೆ ಬಂದು ನಿಂತಿದ್ದಳು. ಕೈಯಲ್ಲಿ ಒದ್ದೆ ಬಟ್ಟೆಯಿತ್ತು. ತನ್ನ ಹೆಸರನ್ನು ಗಟ್ಟಿಯಾಗಿ ಒಮ್ಮೆ ಓದಿದಳು, ಬಟ್ಟೆಯನ್ನು ಹಿಂಡಿ ನನ್ನ ಕಾಲಿಗೆ ಒಣಹಾಕಿದಳು, ಒರೆಸದೆ ಹೋದಳು.