ಸಭೆಯ ಎದುರು ಹೇಳಿದ ಹೆಸರು

"ಮೊದ್ಲ ಚಹಾ ಕುಡೀರಿ ಮಾಮಾ, ಆರಿ ಹೋಗ್ತೈತಿ," ಎಂದ ಪ್ರಭುದಾಸ.

ಎಲೀಶಪ್ಪನಿಗೆ ಚಹಾ ಇಳಿಯುವಂತಿರಲಿಲ್ಲ. ಖಾನಾಪುರದ ತನ್ನ ಹೆಂಚಿನ ಭಟ್ಟಿಯ ಅಂಗಳದಲ್ಲಿ ಆ ಕಡೆ ನಾಲ್ಕು ಹೆಜ್ಜೆ, ಈ ಕಡೆ ನಾಲ್ಕು ಹೆಜ್ಜೆ. ಸೋಮವಾರ ಅವನ ಹೃದಯದ ಆಪರೇಷನ್. ಅಷ್ಟರೊಳಗೆ ಭಟ್ಟಿಯ ಕಾಗದ ಬದಲಾಗಬೇಕು. ತನ್ನ ನಂತರ ಭಟ್ಟಿ ನಡೆಸುವವನು ಅಕ್ಕನ ಮಗ ಪ್ರಭುದಾಸ ಎಂದು ಎಂಟು ವರ್ಷದ ಹಿಂದೆ ಬರೆಸಿದ್ದ. ಮಗಳು ಸಲೋಮಿ ಆಗ ಗಂಡನ ಮನೆಯಲ್ಲಿದ್ದಳು. ಗಂಡ ತೀರಿಕೊಂಡು ಅವಳು ತಿರುಗಿ ಬಂದು ಆರು ವರ್ಷ. ಈಗ ಮಣ್ಣು ಹದ ಮಾಡಿಸುವುದರಿಂದ ಹಿಡಿದು ಬೆಂಕಿ ಆರಿಸುವವರೆಗೆ ಎಲ್ಲ ಅವಳದೇ. ಪ್ರಭುದಾಸ ಒಳ್ಳೆಯವನು, ಒಂದು ದಿನ ಕೆಲಸ ತಪ್ಪಿಸಿದವನಲ್ಲ. ಆದರೆ ಅವನು ಬೆಂಕಿ ಹಾಕಿದರೆ ಅರ್ಧ ಹೆಂಚು ಬಿರುಕು ಬಿಡುತ್ತವೆ. ಅಯ್ಯೋ, ಕೆಟ್ಟವನಾಗಿದ್ದರೆ ಎಷ್ಟು ಸುಲಭವಿತ್ತು!

ವರ್ಷಕ್ಕೊಮ್ಮೆ ಕಾಗದ ತೆಗೆದು ನೋಡಿರೆಂದು ವಕೀಲರು ಬಡಕೊಂಡಿದ್ದರು. ಇವನು ನೋಡಲಿಲ್ಲ. ಯಾಕೆಂದರೆ ಈ ಮಹಾರಾಯ ಕಾಗದ ಬರೆಸಿ ಸುಮ್ಮನಿರದೆ, ಬೆಳಗಾವಿಯ ಚರ್ಚಿನಲ್ಲಿ ಸಭೆಯ ಎದುರು ಈ ಸೋದರಳಿಯನನ್ನು ನಿಲ್ಲಿಸಿ ಪಾಸ್ಟರರಿಂದ ಪ್ರಾರ್ಥನೆ ಮಾಡಿಸಿದ್ದ. ದೇವರಿಗೆ ಹೇಳಿದ್ದನ್ನು ವಕೀಲರ ಪೆನ್ನಿನಿಂದ ಹೊಡೆದು ಹಾಕುವುದು ಹೇಗೆ?

"ಪ್ರಭು, ಕಾಗದದಾಗಿಂದ ನಿನ್ನ ಹೆಸರ ತಗೀಬೇಕಂತ ಮಾಡೇನಿ," ಎಂದುಬಿಟ್ಟ. "ಸಲೋಮಿ ಹೆಸರ ಹಾಕ್ತೀನಿ. ಬೆಳಗಾವಿ ಟಿಳಕವಾಡಿಗೆ ಹೋಗಿ ವಕೀಲರ ಹತ್ರ ಸುಮ್ನ ಮುಗಿಸಿ ಬಿಡೂಣು. ಯಾರಿಗೂ ಗೊತ್ತಾಗೂದು ಬ್ಯಾಡ."

ಪ್ರಭುದಾಸನ ಮುಖ ಕಪ್ಪಿಟ್ಟಿತು.

"ಭಟ್ಟಿ ಸಲೋಮಿ ಅಕ್ಕಾಂದ, ಖರೇ. ನನಗ ಕಣ್ಣಿಲ್ಲೇನ್ರಿ? ಆದ್ರ ಮಾಮಾ, ನಿಲ್ಸುವಾಗ ಎಲ್ಲಾರ ಮುಂದ ನಿಲ್ಸಿದ್ರಿ, ಇಳ್ಸುವಾಗ ಕದ್ದು ಇಳ್ಸತೀರೇನ? ನಾಳೆ ಮಂದಿ ಏನಂತಾರು? ಇಂವಾ ರೊಕ್ಕ ತಿಂದಿರಬೇಕು ಅಂತಾರು. ಹೇಳೂದಿದ್ರ ಸಭಾದಾಗ ಹೇಳ್ರಿ."

ಎಲೀಶಪ್ಪ ಆರಿದ ಚಹಾ ಅಲ್ಲೇ ಬಿಟ್ಟು ಒಳಗೆ ಹೋದ. ಮೂರು ದಿನ ಊಟ ಸೇರಲಿಲ್ಲ, ಮಗಳ ಮೇಲೆ ಕಾರಣವಿಲ್ಲದೆ ರೇಗಿದ.

ಭಾನುವಾರ ಚರ್ಚಿನಲ್ಲಿ, ಒಬ್ಬೊಬ್ಬರೇ ತಮ್ಮ ಅನುಭವ ಹೇಳಿಕೊಳ್ಳುವ ಸಾಕ್ಷಿಯ ಹೊತ್ತಿಗೆ ಎದ್ದು ನಿಂತ.

"ಅಳಿಯಂದ ಏನೂ ತಪ್ಪಿಲ್ರಿ. ತಪ್ಪು ನಂದ. ನನ್ನ ಅವಸರಕ್ಕ ದೇವರ ಚಿತ್ತ ಅಂತ ಹೆಸರ ಕೊಟ್ಟೆ," ಎಂದು ಹೇಳಿ, ಇನ್ನು ಮುಂದೆ ಭಟ್ಟಿ ಸಲೋಮಿಯದು, ಕಾಗದವನ್ನೂ ಇವತ್ತೇ ಬದಲಿಸುತ್ತೇನೆ ಎಂದ.

ಬೆಂಚುಗಳಲ್ಲಿ ಗುಸುಗುಸು ಎದ್ದಿತು. ಪಾಸ್ಟರು ಸಲೋಮಿಯನ್ನು ಮುಂದೆ ಕರೆದರು. ಪ್ರಾರ್ಥನೆ ಶುರುವಾಗುವಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಪ್ರಭುದಾಸ ಎದ್ದ. ಹೊರಗೆ ಹೊರಟನೆಂದೇ ಎಲ್ಲರೂ ತಿಳಿದರು. ಅವನು ನೆಟ್ಟಗೆ ಬಂದು ಸಲೋಮಿಯ ಪಕ್ಕ ನಿಂತ.

"ನನ್ನ ಸಲುವಾಗಿನೂ ಪ್ರಾರ್ಥನಾ ಮಾಡ್ರಿ ಪಾಸ್ಟರ," ಎಂದ. "ನಾಳಿಂದ ನಾ ಏನ ಮಾಡ್ಬೇಕು ಅನ್ನೂದು ನನಗ ತಿಳೀವಲ್ದು."

ಸಭೆಯೆಲ್ಲ ಕಣ್ಣು ಮುಚ್ಚಿತು. ಎಲೀಶಪ್ಪ ಮುಚ್ಚಲಿಲ್ಲ. ಬೆವರಿಗೆ ಅಂಗಿ ಮೈಗಂಟಿದ್ದ ಅಳಿಯನ ಬೆನ್ನನ್ನೇ ನೋಡುತ್ತಿದ್ದ.