ಗೇಮಿನ ಆಕಳ ಹೆಂಡಿ ಹಾಕೂದಿಲ್ಲ

ನನ್ನ ಬಾಯಿಗೆ ಬೀಗ ಹಾಕಾಕ ನಮ್ಮವ್ವ ಚೆನ್ನವ್ವ ಮುಂಜಾನಿಂದ ಹೆಣಗ್ಯಾಡಿದ್ಲು. "ವೃಷಾಲಿ, ನಿನ್ನ ನೋಡಾಕ ನೇಸರಿಯಿಂದ ಹುಡುಗ ಬರಾಕತ್ತಾನ. ನಿನ್ನ ನಾಲಗಿಗೆ ಆಗಲೆ ಎರಡ ಸಂಬಂಧ ಮುರದಾವು. ಇವತ್ತ ಬರೇ ಹೌದ್ರಿ, ಇಲ್ರಿ. ಆ ಫೋನಿನ ಗೇಮಿನ ಸುದ್ದಿ ತಗದೀ ಅಂದ್ರ ನೋಡ ಮತ್ತ!"

ನನ್ನ ತಪ್ಪರ ಏನ್ರಿ? ಯಡ್ರಾವದ ಕಾರಖಾನ್ಯಾಗ ಎಂಟ ವರ್ಷದಿಂದ ಬಟ್ಟಿ ತಪಾಸಣಿ ಮಾಡಾಕತ್ತೇನಿ. ಮಗ್ಗದಿಂದ ಬಂದ ಬಟ್ಟಿ ಟೇಬಲ್ ಮ್ಯಾಲ ಎಳೀಬೇಕು, ಎಳಿ ತಪ್ಪಿದಲ್ಲೆ, ಎಣ್ಣಿ ಕಲೆ ಬಿದ್ದಲ್ಲೆ ಚಾಕ್‌ಪೀಸಿನ ಗೆರಿ ಹೊಡೀಬೇಕು. ಛಲೋ ಬಟ್ಟಿಗೆ ಛಲೋ ಐತಿ ಅಂತ ಯಾರೂ ಬರಿಯೂದಿಲ್ಲ. ಸುಮ್ನ ಮಡಚಿ ಆಚೆ ಇಡೂದು.

ಅವಿನಾಶ ಬಂದ. ಸಂಬಂಧ ತಂದ ಗುರಣ್ಣ ಮಾಮಾ ಹೇಳಿದಂಗ ಕಬ್ಬಿನ ಹೊಲ, ನಾಕ ಎಮ್ಮಿ, ಸ್ವಂತ ಟ್ರ್ಯಾಕ್ಟರ್. ಜೋಡಿ ಅಕ್ಕವ್ವ ಅಂತ ಅವರವ್ವ ಬಂದಿದ್ರು. ಉಳ್ಳಾಗಡ್ಡಿ ಅವಲಕ್ಕಿ, ಕಾಂದಾ ಪೋಹೆ, ತಿಂದಿಂದ ದೊಡ್ಡವರು ನಮ್ಮಿಬ್ಬರನ್ನ ಮಾಳಗಿ ಮ್ಯಾಲ ಮಾತಾಡಾಕ ಕಳಸಿದ್ರು. ಕಟಗಿ ಏಣಿ ಕಡೀ ಪಾವಟಗಿ ಸಡಲ ಐತಿ ಅಂದೆ. ಅಂದ ಕೂಡ್ಲೆ ನಾ ಹತ್ತೂತನಕ ಅದನ್ನ ಕೈಯಿಂದ ಒತ್ತಿ ಹಿಡದ. ಖರೇ ಹೇಳ್ತೇನಿ, ಹುಡುಗ ಅಲ್ಲೇ ಮನಸಿಗೆ ಬಂದುಬಿಟ್ಟ.

"ಹೊತ್ತ ಹೆಂಗ ಕಳೀತೀರಿ?" ಅಂತ ನಾನ ಕೇಳಿದೆ.

ನಾಚಿಕೊಂಡ. "ಫೋನಿನ್ಯಾಗ ಹೊಲದ ಗೇಮ್ ಆಡ್ತೇನ್ರಿ."

ಅಯ್ಯ ಶಿವನ! ಆ ಗೇಮ್ ನಾನೂ ಆಡ್ತಿದ್ದೆ. ಅವ್ವನ ಮಾತ ಗಾಳಿಗೆ ಹೋತು.

"ದಿನಾ ಹೊಲದಾಗ ದುಡದು, ಮನೀಗೆ ಬಂದು ಮತ್ತ ಹೊಲಾನ? ಸಾಕಾಗೂದಿಲ್ಲೇನ್ರಿ ನಿಮಗ?"

"ಅಲ್ಲೆ ಕಬ್ಬ ಕಡಿಯೋ ಮಂದಿ ಹಾದಿ ಕಾಯೂದ ಇಲ್ರಿ. ಬಟನ್ ಒತ್ತಿದ್ರ ಆತು. ಸಮಾಧಾನ ಅನಸ್ತೈತಿ."

"ಎಂಥಾ ಸಮಾಧಾನ? ಟ್ರ್ಯಾಕ್ಟರ್ ಗಿಡದೊಳಗಿಂದ ಪಾರಾಗಿ ಹೋಗ್ತೈತಿ, ನೋಡೀರಿ? ಆಕಳ ಹಾಲ ಕೊಡ್ತೈತಿ, ಹೆಂಡಿ ಹಾಕೂದಿಲ್ಲ. ಸಂಜೀಕ ಬಾವಿ ನೆರಳ ಸೂರ್ಯಾನ ಕಡೇನ ಬೀಳ್ತೈತಿ. ಮಳಿ ಬಂದ್ರೂ ಒಣಹಾಕಿದ ಮೆಣಸಿನಕಾಯಿ ತೋಯೂದಿಲ್ಲ. ಮೂವತ್ತನೇ ಲೆವೆಲ್ ಆದಮ್ಯಾಲ ಹೊಸಾದ ಒಂದೂ ಇಲ್ಲ..."

ಹನ್ನೊಂದ ದೋಷ ತಗದೆ. ಬೆರಳ ಮಡಚಿ ಎಣಿಸಿ ಬ್ಯಾರೆ ತೋರಿಸಿದೆ, ಖೋಡಿ ನಾನು! ಅವನ ಮಾರಿ ಸಣ್ಣದಾತು. "ಹೌದ್ರಿ," ಅಂದ, ಕೆಳಗ ಇಳದ. ಚಹಾ ಕುಡದು ಹೋದ್ರು.

ನಾಕ ದಿನ ಫೋನಿಲ್ಲ. ಅವ್ವ ಬಾಂಡೆ ಕುಕ್ಕಿ ಕುಕ್ಕಿ ತೊಳದ್ಲು. "ಗೇಮಿನ ಸಲುವಾಗಿ ಬಂಗಾರದಂಥಾ ಹುಡುಗನ್ನ ಕಳಕೊಂಡ್ಲು, ಶಾಣ್ಯಾಕಿ!" ನನಗೂ ಊಟ ಸೇರವಲ್ದು. ಆ ಹುಡುಗ ನನಗ ಬೇಕಾಗಿದ್ದ. ಮೊದಲ ಮಾತ ಗಂಡಿನ ಕಡ್ಯಾವ್ರ ಕೊಡಬೇಕು, ಹೆಣ್ಣಿನ ಕಡ್ಯಾವ್ರ ಕೇಳಬಾರದು, ನಮ್ಮಲ್ಲಿ ಹಂಗ ರೀತಿ. ರೀತಿ ಒಲ್ಯಾಗ ಹೋಗ್ಲಿ ಅಂತ ಮಾಮಾನ ಕಡಿಂದ ನಂಬರ್ ಇಸಗೊಂಡು, ಕಾರಖಾನಿ ಊಟದ ಬಿಡುವಿನ್ಯಾಗ ಫೋನ್ ಹಚ್ಚಿದೆ.

"ನಾ ವೃಷಾಲಿ ರೀ. ಆ ಗೇಮಿನ್ಯಾಗ ಛಲೋದೂ ಐತ್ರಿ."

"ಏನೈತ್ರಿ?"

ನನಗ ಛಲೋದ ಹೇಳಿ ರೂಢೀನ ಇಲ್ಲ, ತಡವರಿಸಿದೆ. "ಬೀಜ ಹಾಕಿದ ಮರುದಿನ ಮೊಳಕಿ ಕಾಣ್ತಾವಲ್ರಿ, ಅದನ್ನ ನೋಡಾಕಂತ ದಿನಾ ಬಸ್ಸಿನ್ಯಾಗ ಗೇಮ್ ತಗೀತೇನಿ. ಆ ಹಕ್ಕಿ ದನಿ... ಮಗ್ಗದ ಗದ್ದಲದಾಗ ಇರಾಕಿಗೆ ಕಿವಿ ತಂಪಾಗ್ತಾವ್ರಿ. ನಲವತ್ತಾರ ಲೆವೆಲ್ ದಾಟೇನಿ. ದಿನಾ ಆಡದಿದ್ರ ಹನ್ನೊಂದ ದೋಷ ಹೆಂಗ ಸಿಗಬೇಕ್ರಿ?"

"ಮತ್ತ ನನ್ನಾಗ ಎಷ್ಟ ಸಿಕ್ಕುವ್ರಿ?"

"ನೀವು ನನಗ ಪಸಂದ ಇದ್ದೀರಿ," ಅಂದುಬಿಟ್ಟೆ. ಕಿವಿ ಬಿಸಿ ಆದ್ವು.

ಆ ಕಡೆ ಎಮ್ಮಿ ಒದರಿದ್ದ ಕೇಳಿಸ್ತು. ಅವ ಅಂದ: "ನೀವು ನನ್ನ ಬ್ಯಾಡ ಅಂದ್ರಿ ಅನಕೊಂಡು ಅವ್ವಗ ಹಂಗ ಹೇಳಿಬಿಟ್ಟೆ. ಅಂಥಾ ಹುಡುಗಿ ಕೈಬಿಟ್ಟು ಹೋತಲ್ಲೋ ಅಂತ ನನ್ನ ಬೈಕೋತ ಕುಂತಾಳ. ನಾಕ ದಿನಾತು, ಆಕಿ ಸರಿಯಾಗಿ ಉಂಡಿಲ್ರಿ."

ನನಗ ಕಣ್ಣ ತುಂಬಿ ಬಂದ್ವು. ನಗೂನೂ ತಡಿಯಾಕ ಆಗಲಿಲ್ಲ.

"ಈಗ ಎಲ್ಲಿ ಅದಾರು?"

"ಇಲ್ಲೇ ಕಟ್ಟಿ ಮ್ಯಾಲ. ಏನಂತ ಹೇಳ್ಲಿ?"

"ಅತ್ತ್ಯಾರಿಗೆ ಊಟಾ ಮಾಡ್ರಿ ಅಂತ ಹೇಳ್ರಿ," ಅಂದೆ.