ಎಣಿಸಲು ಒಂದು ಉಸಿರು

ನರ್ಸಿಂಗ್ ಓದುತ್ತಿದ್ದ ಆ ಹುಡುಗಿಯನ್ನು ಗೆಳತಿಯರು ಗೂಬೆ ಎಂದು ಕರೆಯುತ್ತಿದ್ದುದರಲ್ಲಿ ತಪ್ಪೇನಿರಲಿಲ್ಲ. ಪಾಠಗಳು ಮೊಬೈಲಿಗೆ ಬಂದ ಮೇಲೆ ಅವಳ ಹಗಲು ರಾತ್ರಿ ಅದಲುಬದಲಾಗಿದ್ದವು. ತರಗತಿಯೂ ಹಾಸಿಗೆಯ ಮೇಲೆ, ಊಟವೂ ಹಾಸಿಗೆಯ ಮೇಲೆ; ಇನ್ನು ನಿದ್ದೆಯಾದರೂ ಎಲ್ಲಿಗೆ ಬರಬೇಕು, ಪಾಪ. ದೀಪ ಆರಿಸಿದರೆ ಕಣ್ಣು ಪಿಳಿಪಿಳಿ, ಮೇಡಂ ಬಾಯಿ ತೆರೆದರೆ ತೂಕಡಿಕೆ. ಕೊನೆಗೆ ಮಲಗುವಾಗ ಮೇಡಂ ಪಾಠದ ರೆಕಾರ್ಡಿಂಗನ್ನೇ ಹಾಕಿಕೊಳ್ಳತೊಡಗಿದಳು. ಆ ಕೋಣೆಯಲ್ಲಿ ಇದ್ದ ಇನ್ನೊಂದು ದನಿ ಅದೊಂದೇ. ಅಮ್ಮ ಯಾರದೋ ಮನೆಯಲ್ಲಿ ಹಾಸಿಗೆ ಹಿಡಿದ ಮುದುಕಿಯನ್ನು ನೋಡಿಕೊಳ್ಳುತ್ತಾ ಅಲ್ಲೇ ಉಳಿದಿದ್ದಳು.

ಇವತ್ತು ಪ್ರಾಕ್ಟಿಕಲ್ ಪರೀಕ್ಷೆ. ಮನೆಯವರೊಬ್ಬರನ್ನು ಕ್ಯಾಮೆರಾ ಮುಂದೆ ಮಲಗಿಸಿ, ನಾಡಿ ನೋಡುವವಳಂತೆ ಕೈ ಹಿಡಿದು, ಅವರಿಗೆ ಗೊತ್ತಾಗದ ಹಾಗೆ ಉಸಿರು ಎಣಿಸಬೇಕು. ಗೊತ್ತಾದರೆ ಉಸಿರಿನ ಲಯ ಬದಲಾಗುತ್ತದೆ. ಪಾಸಾಗದವರನ್ನು ವಾರ್ಡಿಗೆ ಕಳಿಸುವುದಿಲ್ಲ.

ಪರದೆಯಲ್ಲಿ ಒಬ್ಬೊಬ್ಬ ಗೆಳತಿಯ ಪಕ್ಕದಲ್ಲೂ ಅಜ್ಜನೋ ಅತ್ತೆಯೋ ತಮ್ಮನೋ ಇದ್ದರು. ಅಮ್ಮ ಫೋನಿನಲ್ಲಿ, “ಮುದುಕಮ್ಮನ್ನ ಬಿಟ್ಟು ಹೇಗೆ ಬರ್ಲಿ ಮಗಳೇ?” ಎಂದಿದ್ದಳು. ಕೆಳಮನೆಯವರ ಬಾಗಿಲ ತನಕ ಹೋಗಿ ಗೂಬೆ ಹಾಗೇ ವಾಪಸ್ಸು ಬಂದಿದ್ದಳು. ಮುಖಪರಿಚಯವೂ ಇಲ್ಲದವರಿಗೆ ಬಂದು ಮಲಗಿ ಎನ್ನುವುದು ಹೇಗೆ?

ಮೇಡಂ ಮಾತು ಶುರು ಮಾಡಿದರು. ದಿಂಬಿಗೆ ಒರಗಿದ್ದವಳಿಗೆ ಯಾವಾಗ ಕಣ್ಣು ಹತ್ತಿತೋ.

ಎಚ್ಚರವಾಯಿತು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಪರದೆಯ ಅಂಚಿನಲ್ಲಿ ಒಬ್ಬೊಬ್ಬರೂ ಅಂಕಿ ಬರೆದಿದ್ದರು: ಹದಿನಾಲ್ಕು, ಹದಿನೈದು, ಹದಿನಾಲ್ಕು.

“ಗಾಬರಿ ಆಗ್ಬೇಡ, ನಿನ್ನ ಉಸಿರು ಎಣಿಸಿದ್ರು ಅಷ್ಟೆ,” ಎಂದರು ಮೇಡಂ. “ಗೊತ್ತಿಲ್ಲದೆ ಉಸಿರಾಡೋ ರೋಗಿ ಅಂತ ಸಿಕ್ಕಿದ್ದು ನೀನೊಬ್ಬಳೇ. ಉಳಿದವರ ಮನೆಯವರದೆಲ್ಲ ಬರೀ ನಾಟಕ.”

ಯಾರೋ ಕಿಸಕ್ಕನೆ ನಕ್ಕರು. ಅವಳಿಗೆ ನಾಚಿಕೆಗಿಂತ ಮೊದಲು ಅಳು ಬಂತು. ತಾನು ಮಲಗಿದ್ದಾಗ ಯಾರಾದರೂ ನೋಡಿ ಎಷ್ಟು ಕಾಲವಾಗಿತ್ತು.

“ನಂಗೆ ಎಣಿಸೋಕೆ ಯಾರೂ ಇಲ್ಲ ಮೇಡಂ.”

ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. “ನಾಳೆ ಕ್ಲಾಸಲ್ಲಿ ಎಲ್ಲರೂ ನೋಟ್ಸ್ ಬರೀತಾ ಇರುವಾಗ ನಾನು ಸುಮ್ನೆ ಕೂತಿರ್ತೀನಿ. ನನ್ನದು ಎಣಿಸು. ಯಾವಾಗ ಅಂತ ನಂಗೆ ಹೇಳ್ಬೇಡ. ಇವತ್ತು ಹೋಗಿ ಮಲ್ಕೋ.”

ಫೋನು ಆರಿಸಿ ಮಲಗಿದಳು. ರೆಕಾರ್ಡಿಂಗ್ ಹಾಕಲಿಲ್ಲ. ನಾಳೆಗೆ ಅಭ್ಯಾಸವಾಗಲೆಂದು ಎದೆಯ ಮೇಲೆ ಕೈಯಿಟ್ಟು ತನ್ನದೇ ಉಸಿರು ಎಣಿಸಲು ನೋಡಿದಳು. ಎಣಿಸಹೊರಟ ಕೂಡಲೇ ಅದು ತಡವರಿಸಿತು. ಮತ್ತೆ ಮೊದಲಿನಿಂದ ಶುರು ಮಾಡಿದಳು, ಮತ್ತೆ ತಪ್ಪಿತು. ಅದಕ್ಕೂ ಪಕ್ಕದಲ್ಲಿ ಇನ್ನೊಬ್ಬರು ಇರಬೇಕಿತ್ತು.